ಬೆನ್ನೆಲುಬಿನ ಚಿತ್ರಕ್ಕೆ ಮಲಗುವ ಬಗೆ

ತೃಶ್ಶಿಲೇರಿಯ ತೋಟಗಳಲ್ಲಿ ಒಳ್ಳೆಮೆಣಸು ಕೊಯ್ಯಲು ಏಣಿಯೇರುವವರಿಗೆ ಬೆನ್ನುನೋವು ಹೊಸತಲ್ಲ. ಮಾನಂತವಾಡಿಯ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಮೇಜಿನ ಮೇಲೆ ಅಂಗಾತ ಮಲಗಿದಾಗ ‘ಮೊಣಕಾಲು ಮಡಚಿರಿ’ ಎನ್ನುವುದೇಕೆ?

ಕಾಲು ಚಾಚಿದರೆ ಸೊಂಟವು ಕಮಾನಿನಂತೆ ಮೇಲೇಳುತ್ತದೆ. ಮಡಚಿದರೆ ಆ ಬಾಗು ತಗ್ಗಿ, ಸೊಂಟದ 5 ಕಶೇರುಕಗಳ ನಡುವಣ ಎಡೆಗಳು ಸ್ಪಷ್ಟವಾಗಿ ತೋರುತ್ತವೆ. ಪಕ್ಕದ ಚಿತ್ರಕ್ಕೆ ಮಗ್ಗುಲಾಗಿ ಮಲಗಿಸಿ, ಅಗತ್ಯವಿದ್ದರೆ ಸೊಂಟದಡಿ ಮೆತ್ತೆಯಿಟ್ಟು ಬೆನ್ನೆಲುಬನ್ನು ಮೇಜಿಗೆ ಸಮಾನಾಂತರಗೊಳಿಸುತ್ತಾರೆ. ಆಗ ಉಸಿರು ಬಿಟ್ಟು, ತಡೆಹಿಡಿದು, ನಿಶ್ಚಲವಾಗಿರಬೇಕು. ಅಲುಗಿದರೆ ಚಿತ್ರ ಮಸುಕಾಗಿ ಮತ್ತೊಮ್ಮೆ ಕಿರಣಕ್ಕೆ ಮೈಯೊಡ್ಡಬೇಕಾದೀತು. ಗರ್ಭಿಣಿಯರು ಮೊದಲೇ ತಿಳಿಸತಕ್ಕದ್ದು.

ಏಣಿಯಿಂದ ಬಿದ್ದವರ ಮಾತು ಬೇರೆ. ಅವರನ್ನು ಎತ್ತಿ ಕೂರಿಸಬಾರದು, ಬೆನ್ನು ತಿರುಚಬಾರದು. ಅಂಗಾತ ಮಲಗಿದ್ದಂತೆಯೇ ಪಕ್ಕದಿಂದ ಕಿರಣ ಹಾಯಿಸಿ ಚಿತ್ರ ತೆಗೆಯಲು ಸಾಧ್ಯವಿದೆ. ಅವಸರದ ಉಪಕಾರವೇ ಅಪಕಾರವಾಗದಿರಲಿ.