ಕಗ್ಗದ ಅಕ್ಕಿ: ಕೆಂಪು ಎಲ್ಲಿದೆ, ಸತ್ವ ಎಲ್ಲಿದೆ?

ಗೋಕರ್ಣದ ಓಂ ಬೀಚಿನಿಂದ ದಕ್ಷಿಣಕ್ಕೆ ಹೋದರೆ ತದಡಿ. ಅಘನಾಶಿನಿ ನದಿ ಕಡಲು ಸೇರುವುದು ಅಲ್ಲೇ. ಅದರ ಹಿನ್ನೀರಿನ, ಗಜನಿ ಎಂದು ಕರೆಯುವ ಗದ್ದೆಗಳಲ್ಲಿ, ಕುಮಟಾ ತಾಲೂಕಿನ ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಇದರ ಅಕ್ಕಿ ಕೆಂಪು. ಹಾಗಾದರೆ ಕೆಂಪಾದಷ್ಟೂ ಸತ್ವ ಹೆಚ್ಚೇ?

ಹಾಗೇನಿಲ್ಲ. ಉಮಿ ತೆಗೆದ ಅಕ್ಕಿಯ ಮೇಲೆ ತೆಳುವಾದ ಹೊರ ಪೊರೆಗಳಿವೆ. ಕೆಂಪು ಬಣ್ಣ ಇರುವುದು ಅವುಗಳಲ್ಲಿ. ಅವುಗಳ ಒಳಗೆ ಅಲ್ಯುರೋನ್ ಪದರ, ಅಂದರೆ ಎಣ್ಣೆ, ಪ್ರೋಟೀನ್, ಬಿ ಜೀವಸತ್ವ, ಖನಿಜಗಳನ್ನು ತುಂಬಿಕೊಂಡ ಜೀವಕೋಶಗಳ ಸಾಲು. ಪಾಲಿಶ್ ಮಾಡದ ಬಿಳಿ ಅಕ್ಕಿಗೂ ಈ ಪದರ ಉಂಟು. ಕೆಂಪು ಬಣ್ಣಕ್ಕೂ ಇದರ ದಪ್ಪಕ್ಕೂ ನೇರ ಸಂಬಂಧವಿಲ್ಲ.

ಪದರದ ದಪ್ಪ ತಳಿಯಿಂದ ತಳಿಗೆ ಬೇರೆ. ಜೀವಕೋಶದ ಸಾಲು 1ರಿಂದ 7ರವರೆಗೂ ಇರಬಹುದು. ಗಿಡ್ಡ, ದುಂಡು ಕಾಳಿನಲ್ಲಿ ಸಾಮಾನ್ಯವಾಗಿ ಹೆಚ್ಚು, ಸಪೂರ ಉದ್ದ ಕಾಳಿನಲ್ಲಿ ಕಡಿಮೆ. ಒಂದೇ ಕಾಳಿನಲ್ಲೂ ಸಮನಾಗಿಲ್ಲ: ಮೊಳಕೆ ಒಡೆಯುವ ಬದಿಗೆ ಎದುರಿನ ಬೆನ್ನಿನಲ್ಲಿ ಹೆಚ್ಚು ದಪ್ಪ. ಬೆಳೆದ ವಾತಾವರಣವೂ ಇದನ್ನು ಬದಲಿಸುತ್ತದೆ. ಹಾಗಾಗಿ ಒಂದೇ ತಳಿ ಎರಡು ಊರಿನಲ್ಲಿ ಬೆಳೆದರೆ ಪದರ ಒಂದೇ ಆಗಿರಬೇಕೆಂದಿಲ್ಲ.

ಆದರೆ ನಿಮ್ಮ ತಟ್ಟೆಗೆ ಎಷ್ಟು ಬರುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಗಿರಣಿ. ಚೆನ್ನಾಗಿ ಪಾಲಿಶ್ ಮಾಡಿದರೆ 100 ಕೆಜಿ ಅಕ್ಕಿಯಲ್ಲಿ 8ರಿಂದ 10 ಕೆಜಿ ತೌಡಾಗಿ ಹೋಗುತ್ತದೆ. ಪದರ ಹೋಗುವುದು ಆ ತೌಡಿನ ಜೊತೆಗೇ. ಕುಚ್ಚಲಕ್ಕಿಯಲ್ಲಿ ಸ್ವಲ್ಪ ಉಳಿತಾಯವಿದೆ. ಭತ್ತ ನೆನೆಸಿ ಬೇಯಿಸುವಾಗ ಬಿ ಜೀವಸತ್ವದ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ಕರಾವಳಿಯ ಹಿರಿಯರು ಇದನ್ನೇ ಊಟ ಮಾಡಿದ್ದು ಸರಿಯಾಗಿಯೇ ಇತ್ತು.

ಪಾಲಿಶ್ ಇಲ್ಲದ ಅಕ್ಕಿಗೆ ಖರ್ಚು ಹೆಚ್ಚೇ? ಬೇಯಲು ಹೊತ್ತು ಬೇಕು, ಗ್ಯಾಸ್ ಸ್ವಲ್ಪ ಹೆಚ್ಚು. ರಾತ್ರಿ ನೆನೆಸಿಟ್ಟರೆ ಅದೂ ಕಡಿಮೆಯಾಗುತ್ತದೆ. ಎಣ್ಣೆಯಂಶ ಇರುವುದರಿಂದ ಬೇಗ ಕಮಟುತ್ತದೆ, ಹೀಗಾಗಿ ತಿಂಗಳಿಗೆ ಬೇಕಾದಷ್ಟೇ ತನ್ನಿ.

ಕಗ್ಗ ಬೇಕಿದ್ದರೆ ಗಜನಿಯ ಬೆಳೆಗಾರರನ್ನೇ ಕೇಳಿ. ಕೊಯ್ಲಾದ ಮೇಲೆ ಆ ಗದ್ದೆಗಳಿಗೆ ಉಪ್ಪುನೀರು ಬಿಡುತ್ತಾರೆ, ಅಲ್ಲಿ ಮೀನು, ಸಿಗಡಿ ಸಾಕುತ್ತಾರೆ. ವರ್ಷಕ್ಕೆ ಒಂದೇ ಬೆಳೆ. ಅಕ್ಕಿ ಮಾಡಿಸುವಾಗ ಗಿರಣಿಯವರಿಗೆ ಉಮಿ ಮಾತ್ರ ತೆಗೆಯಿರಿ, ಪಾಲಿಶ್ ಬೇಡ ಎಂದು ಮೊದಲೇ ಹೇಳಿಬಿಡಿ.