ಪೆನ್‌ಡ್ರೈವ್ ನಮ್ಮದು, ಐಡಿಯಾ ಯಾರದ್ದು?

ಹಿರಿಯೂರು ತಾಲೂಕಿನ ಹರಿಯಬ್ಬೆಗೆ ಹೋಗಿದ್ದೆ. ಪಕ್ಕದಲ್ಲೇ ಒಂದು ಟ್ರ್ಯಾಕ್ಟರ್ ಹಾದುಹೋಯ್ತು. ಪೆನ್‌ಡ್ರೈವ್ ಹಾಡು, ಊರಿಗೆಲ್ಲ ಕೇಳೋ ಹಾಗೆ. ಜೊತೆಗಿದ್ದ ನಮ್ಮ ಸಂಬಂಧಿಕರ ಹುಡುಗ, ಎಂಜಿನಿಯರಿಂಗ್ ಕೊನೇ ವರ್ಷ, ಕೇಳಿದ: “ಅಣ್ಣಾ, ಇದನ್ನ ಕಂಡುಹಿಡಿದೋನು ಎಷ್ಟು ಕೋಟಿ ಮಾಡಿರಬೇಕು?” ನಾನೂ ಎಂಜಿನಿಯರಿಂಗ್ ಓದಿದವನೇ. ಉತ್ತರ ಗೊತ್ತಿತ್ತು, ಹೇಳೋಕೆ ಬೇಜಾರಾಯ್ತು.

ಪೆನ್‌ಡ್ರೈವ್‌ನ ಜೀವ ಅದರೊಳಗಿನ ಫ್ಲ್ಯಾಶ್ ಮೆಮೊರಿ. ನಮ್ಮ ಕಡೆ ಹಗೇವಿಗೆ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೇ ಇದು. ಚಿಪ್‌ನ ಪುಟ್ಟ ಪುಟ್ಟ ಕೋಣೆಗಳಲ್ಲಿ ಎಲೆಕ್ಟ್ರಾನ್‌ಗಳನ್ನ ಕೂಡಿಹಾಕುತ್ತಾರೆ. ಕರೆಂಟ್ ಹೋದರೂ ಅವು ಅಲ್ಲೇ ಇರುತ್ತವೆ. ಅಳಿಸುವಾಗ ಮಾತ್ರ ಒಂದೊಂದಾಗಿ ಅಲ್ಲ, ಒಂದಿಡೀ ಭಾಗವನ್ನೇ ಒಮ್ಮೆಗೆ ಅಳಿಸಬಹುದು. ಕ್ಯಾಮೆರಾ ಫ್ಲ್ಯಾಶ್ ಹೊಡೆದ ಹಾಗೆ. ಹೆಸರು ಬಂದದ್ದೂ ಅದರಿಂದಲೇ.

ಇದನ್ನ ಕೊಟ್ಟವರು ಜಪಾನಿನ ಫುಜಿಯೋ ಮಸುವೊಕಾ. ತೊಷಿಬಾ ಕಂಪನಿಯ ನೌಕರ. 1984ರಲ್ಲಿ ಈ ತಂತ್ರಜ್ಞಾನವನ್ನ ಜಗತ್ತಿನ ಮುಂದಿಟ್ಟರು. 1987ರಲ್ಲಿ ಬಂದ ನ್ಯಾಂಡ್ ಮಾದರಿಯೇ ಇವತ್ತು ನಿಮ್ಮ ಮೊಬೈಲ್‌ನಲ್ಲೂ ಇರೋದು. ಪೇಟೆಂಟ್‌ನಲ್ಲಿ ಹೆಸರು ಅವರದು, ಹಕ್ಕು ಕಂಪನಿಯದು.

2004ರಲ್ಲಿ ಮಸುವೊಕಾ ಟೋಕಿಯೋ ಕೋರ್ಟ್‌ಗೆ ಹೋದರು. “ನನ್ನ ಪಾಲು 100 ಕೋಟಿ ಯೆನ್ ಕೊಡಿ” ಅಂದರು. ಹಾಗೆ ಕೇಳೋಕೆ ಅಲ್ಲಿ ಕಾನೂನಿತ್ತು. ಜಪಾನಿನ ಪೇಟೆಂಟ್ ಕಾಯ್ದೆಯ 35ನೇ ಕಲಂ ಪ್ರಕಾರ, ನೌಕರನ ಆವಿಷ್ಕಾರ ಪಡೆದ ಕಂಪನಿ ಅವನಿಗೆ ನ್ಯಾಯವಾದ ಪ್ರತಿಫಲ ಕೊಡಬೇಕಿತ್ತು. 2006ರಲ್ಲಿ ರಾಜಿಯಾಯ್ತು. ಕೈಗೆ ಬಂದದ್ದು 8.7 ಕೋಟಿ ಯೆನ್. ಕೇಳಿದ ರೂಪಾಯಿಗೆ ಸಿಕ್ಕಿದ್ದು ಒಂಬತ್ತು ಪೈಸೆಗಿಂತ ಕಡಿಮೆ!

ಈಗ ಇನ್ನೊಂದು ಲೆಕ್ಕ ನೋಡಿ. ಲೆಕ್ಸಾರ್ ಅನ್ನೋ ಅಮೆರಿಕದ ಕಂಪನಿ, ತನ್ನ ಫ್ಲ್ಯಾಶ್ ತಂತ್ರಜ್ಞಾನದ ಗುಟ್ಟನ್ನ ತೊಷಿಬಾ ಕದ್ದಿದೆ ಅಂತ ಕೇಸು ಹಾಕಿತ್ತು. 2005ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 46 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಿ ಅಂತು. ಆಮೇಲೆ ಲೆಕ್ಸಾರ್ ಮೈಕ್ರಾನ್ ಕಂಪನಿಯ ಪಾಲಾಯ್ತು. 2006ರಲ್ಲಿ ತೊಷಿಬಾ 28.8 ಕೋಟಿ ಡಾಲರ್ ಕೊಟ್ಟು ಜಗಳ ಮುಗಿಸಿಕೊಂಡಿತು. ಅದೇ ವರ್ಷ ಮಸುವೊಕಾಗೆ ಸಿಕ್ಕಿದ್ದು ಸುಮಾರು ಏಳೂವರೆ ಲಕ್ಷ ಡಾಲರ್.

ಲ್ಯಾಬ್, ದುಡ್ಡು, ಸಂಬಳ ಎಲ್ಲ ಕಂಪನಿಯದ್ದಲ್ವಾ ಅಂತ ನೀವು ಕೇಳಬಹುದು. ಒಪ್ಪೋಣ. ಕಂಪನಿಗೂ ಪಾಲು ಸಲ್ಲಬೇಕು. ಪ್ರಶ್ನೆ ಇರೋದು ಎಷ್ಟು ಅನ್ನೋದರಲ್ಲಿ.

ನಮ್ಮಲ್ಲಿ? 1970ರ ಪೇಟೆಂಟ್ ಕಾಯ್ದೆಯಲ್ಲಿ ಸಂಶೋಧಕನ ಹೆಸರು ದಾಖಲಾಗೋಕೆ ಅವಕಾಶ ಇದೆ. ಆದರೆ ಜಪಾನಿನ ಹಾಗೆ ನೌಕರನಿಗೆ ಪ್ರತಿಫಲ ಕೊಡಲೇಬೇಕು ಅನ್ನೋ ಕಲಂ ಇಲ್ಲ. ಕೆಲಸಕ್ಕೆ ಸೇರುವಾಗ ಏನಕ್ಕೆ ಸಹಿ ಹಾಕಿದಿರೋ, ಹೆಚ್ಚಿನ ಮಟ್ಟಿಗೆ ಅದೇ ನಿಮ್ಮ ಕಾನೂನು.

ನನ್ನ ಮೊದಲ ಕೆಲಸದ ಕಾಗದಕ್ಕೆ ನಾನು ಓದದೇ ಸಹಿ ಹಾಕಿದ್ದೆ. ಸಂಬಳದ ಸಾಲು ಮಾತ್ರ ನೋಡಿದ್ದೆ. ಆ ಹುಡುಗನಿಗೆ ಹೇಳಿದೆ: “ಸಂಬಳ ಮೊದಲ ಪುಟದಲ್ಲಿರುತ್ತೆ ಕಣೋ. ನಿನ್ನ ತಲೆ ಯಾರದ್ದು ಅನ್ನೋದು ಹಿಂದಿನ ಪುಟಗಳಲ್ಲಿರುತ್ತೆ. ಅದನ್ನ ಓದಿ ಸಹಿ ಹಾಕು.”