ಮತಗಳ ವ್ಯಾಸಂಗದಲ್ಲಿ ಗುರುಶಿಷ್ಯರು

ಮತಗಳನ್ನು ಶಾಸ್ತ್ರೀಯವಾಗಿ ವ್ಯಾಸಂಗಮಾಡಲು ಹೊರಡುವ ತರುಣನಿಗೆ ಇತರ ಶಾಸ್ತ್ರಗಳ ವಿದ್ಯಾರ್ಥಿಗಿಲ್ಲದ ತೊಡಕೊಂದುಂಟು. ರಸಾಯನಶಾಸ್ತ್ರವನ್ನು ಓದುವವನು ಗಂಧಕವನ್ನು ಪೂಜಿಸುವುದೂ ಇಲ್ಲ, ದ್ವೇಷಿಸುವುದೂ ಇಲ್ಲ. ಮತಗ್ರಂಥವನ್ನು ಕೈಗೆತ್ತಿಕೊಳ್ಳುವವನಾದರೋ ಹುಟ್ಟಿನಿಂದ ಬಂದ ಶ್ರದ್ಧೆಯನ್ನೋ ಓದಿನಿಂದ ಬಂದ ಅಶ್ರದ್ಧೆಯನ್ನೋ ಜೊತೆಯಲ್ಲಿಯೇ ತಂದಿರುತ್ತಾನೆ. ತನಗೆ ಒಪ್ಪಿದುದನ್ನು ಆರಿಸಿಕೊಂಡು ಒಪ್ಪದುದನ್ನು ಬಿಡುವ ಆಶೆ ಅವನಿಗೆ ಸಹಜ. ಇಂಥವನಿಗೆ ಗುರುವು ಮಾಡಬಹುದಾದ ಉಪಕಾರವೇನು? ಒಂದು ನಿದರ್ಶನವನ್ನು ನೋಡೋಣ.

1845ರಲ್ಲಿ ಮ್ಯಾಕ್ಸ್ ಮುಲ್ಲರ್ ಎಂಬ ಇಪ್ಪತ್ತೊಂದು ವರ್ಷದ ಜರ್ಮನ್ ತರುಣನು ಪ್ಯಾರಿಸ್ ನಗರಕ್ಕೆ ಬಂದನು. ಕೈಯಲ್ಲಿ ಹಣವಿಲ್ಲ, ಹಸ್ತಪ್ರತಿಗಳನ್ನು ನಕಲುಮಾಡಿಕೊಟ್ಟು ಜೀವನ ಸಾಗಬೇಕು. ಅಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಯೂಜೀನ್ ಬರ್ನೂಫರು ಋಗ್ವೇದವನ್ನು ಕುರಿತು ಉಪನ್ಯಾಸಮಾಡುತ್ತಿದ್ದರು. ಅವರು ಶಿಷ್ಯನ ಮುಂದೆ ಎರಡು ದಾರಿಗಳನ್ನಿಟ್ಟರು: ತತ್ತ್ವವು ಬೇಕಾದರೆ ಉಪನಿಷತ್ತುಗಳಿಂದಲೂ ಶಾಂಕರಭಾಷ್ಯದಿಂದಲೂ ಆರಂಭಿಸಬೇಕು, ಮತವು ಬೇಕಾದರೆ ಋಗ್ವೇದವನ್ನೂ ಸಾಯಣಭಾಷ್ಯವನ್ನೂ ಹಿಡಿಯಬೇಕು. ಶಿಷ್ಯನು ಎರಡನೆಯ ದಾರಿಯನ್ನು ಹಿಡಿದನು.

ಸಾಯಣಾಚಾರ್ಯರು ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿ ರಚಿಸಿದ ಆ ಭಾಷ್ಯವು ಬಹು ವಿಸ್ತಾರವಾದುದು. ಅದರಿಂದ ಕೆಲವು ಭಾಗಗಳನ್ನಷ್ಟೆ ಆರಿಸಿ ಅಚ್ಚುಹಾಕಿದರೆ ಸಾಲದೆ? ಸಾಲದೆಂದರು ಬರ್ನೂಫರು. ಆರಿಸಹೊರಟವನು ಸುಲಭವಾದುದನ್ನು ಪ್ರಕಟಿಸಿ ಕಠಿಣವಾದುದನ್ನು ಬಿಟ್ಟುಬಿಡುತ್ತಾನೆಂಬುದು ಅವರ ಅಭಿಪ್ರಾಯ. ಮೂಲವೂ ಭಾಷ್ಯವೂ ಸೇರಿ ಮೊದಲ ಸಂಪುಟವು 1849ರಲ್ಲಿ ಹೊರಬಂದಿತು. ಆರನೆಯದೂ ಕಡೆಯದೂ ಆದ ಸಂಪುಟವು 1874ರಲ್ಲಿ. 1852ರಲ್ಲಿಯೇ ತೀರಿಕೊಂಡ ಗುರುವಿಗೆ ನೋಡಲು ದೊರೆತುದು ಮೊದಲನೆಯದು ಮಾತ್ರ. ಶಿಷ್ಯನು 1870ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳು ಮತಗಳ ತೌಲನಿಕ ವ್ಯಾಸಂಗಕ್ಕೆ ತಳಹದಿಯಾದುವು.

ಇದರಲ್ಲಿ ನಾವು ಗಮನಿಸಬೇಕಾದ ಅಂಶವೊಂದುಂಟು. ವೇದದ ವಿಷಯದಲ್ಲಿ ಯಾವ ನಿರ್ಣಯಕ್ಕೆ ಬರಬೇಕೆಂಬುದನ್ನು ಗುರುವು ಹೇಳಲಿಲ್ಲ. ಯಾವ ಪುಟವನ್ನೂ ಹಾರಿಸಬಾರದೆಂಬುದನ್ನು ಮಾತ್ರ ಹೇಳಿದರು. ಕಾಲೇಜುಗಳಲ್ಲಿ ಪಾಠ ಹೇಳುವ ನಾವು ಅನೇಕ ವೇಳೆ ಇದಕ್ಕೆ ವಿಪರೀತವಾಗಿ ನಡೆಯುತ್ತೇವೆ. ನಮ್ಮ ನಿರ್ಣಯವನ್ನು ಮೊದಲೇ ಕೊಟ್ಟು, ಅದಕ್ಕೆ ಒಗ್ಗುವ ವಾಕ್ಯಗಳನ್ನು ಹುಡುಕಿ ತರುವಂತೆ ಶಿಷ್ಯರಿಗೆ ಹೇಳುತ್ತೇವೆ. ಪ್ರಬಂಧವು ಬೇಗ ಮುಗಿಯುತ್ತದೆ, ಪದವಿಯೂ ಬರುತ್ತದೆ. ವಿದ್ವಾಂಸನು ಮಾತ್ರ ಹುಟ್ಟುವುದಿಲ್ಲ. ಭಕ್ತನಾದ ಶಿಷ್ಯನಿಗೆ ಅವನ ಭಕ್ತಿಗೆ ಒಗ್ಗದ ಪುಟವನ್ನೂ, ನಾಸ್ತಿಕನಾದವನಿಗೆ ಅವನ ತಿರಸ್ಕಾರವನ್ನು ಅಲುಗಿಸುವ ಪುಟವನ್ನೂ ತೆರೆದು ತೋರಿಸಿ, ಅವನು ಅದನ್ನು ಓದಿ ಮುಗಿಸುವವರೆಗೆ ಬಳಿಯಲ್ಲಿ ಕುಳಿತಿರುವುದೇ ಗುರುವಿನ ಕೆಲಸ.